ನಿಮ್ಮ ಹೆಸರಿನಲ್ಲಿ ಇನ್ನೊಬ್ಬರ ಕಾಯಿಲೆ: ವೈದ್ಯಕೀಯ ಗುರುತಿನ ಕಳವು ತಡೆಯುವುದು, ಆಗಿದ್ದರೆ ಸರಿಪಡಿಸುವುದು

ಬ್ಯಾಂಕಿನಿಂದ ದುಡ್ಡು ಹೋದರೆ ಮೊಬೈಲಿಗೆ ಮೆಸೇಜು ಬರುತ್ತದೆ, ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ನಿಮ್ಮ ಹೆಸರು, ನಿಮ್ಮ ಕಾರ್ಡು ತೋರಿಸಿ ಬೇರೊಬ್ಬರು ಆಸ್ಪತ್ರೆಯಲ್ಲಿ ಮಲಗಿ ಎದ್ದು ಹೋದರೆ ಹಾಗೆ ಗೊತ್ತಾಗುವುದಿಲ್ಲ. ಅದು ಬೆಳಕಿಗೆ ಬರುವುದು ಹೆಚ್ಚಾಗಿ ನೀವೇ ಕಾಯಿಲೆ ಬಿದ್ದ ದಿನ: ಯೋಜನೆಯಲ್ಲಿ ಹಣ ಉಳಿದಿಲ್ಲ ಅನ್ನುತ್ತಾರೆ, ಇಲ್ಲವೇ ನಿಮಗೆ ಎಂದೂ ಇಲ್ಲದ ಸಕ್ಕರೆ ಕಾಯಿಲೆ ಹಳೆಯ ಫೈಲಿನಲ್ಲಿ ಇದೆ ಅನ್ನುತ್ತಾರೆ. ಮೈಸೂರು, ಮಂಡ್ಯ ಭಾಗದ ಕುಟುಂಬಗಳು ತಮ್ಮ ಮನೆಯಲ್ಲೇ ಕೂತು, ಒಂದೆರಡು ಕಡೆ ಅಲೆದು ಮಾಡಿಕೊಳ್ಳಬಹುದಾದ ಕೆಲಸಗಳು ಇಲ್ಲಿವೆ.

ದುಡ್ಡಿಗಿಂತ ದೊಡ್ಡ ಅಪಾಯ

ಮೊದಲು ದುಡ್ಡಿನ ಲೆಕ್ಕ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಈ ಮೊತ್ತ ಒಬ್ಬೊಬ್ಬರಿಗಲ್ಲ, ಇಡೀ ಮನೆಗೆ. ಮಗನ ಹೆಸರಿನಲ್ಲಿ ಯಾರೋ ಒಂದು ದೊಡ್ಡ ಶಸ್ತ್ರಚಿಕಿತ್ಸೆ ಬಿಲ್ ಮಾಡಿಸಿಕೊಂಡರೆ ಅದೇ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿಸುವ ಹೊತ್ತಿಗೆ ಖಾತೆ ಬರಿದಾಗಿರುತ್ತದೆ.

ಆದರೆ ಹೋದ ಹಣವನ್ನು ದೂರು ಕೊಟ್ಟು ಮರಳಿ ಸೇರಿಸಬಹುದು. ದಾಖಲೆಯಲ್ಲಿ ಕೂತ ತಪ್ಪು ನೇರ ದೇಹಕ್ಕೆ ತಗಲುತ್ತದೆ. ಒಂದು ಉದಾಹರಣೆ ನೋಡಿ. ನಿಮ್ಮ ಹೆಸರಿನಲ್ಲಿ ಇನ್ನೊಬ್ಬರು ಅಪೆಂಡಿಕ್ಸ್ ತೆಗೆಸಿಕೊಂಡಿದ್ದಾರೆ. ಎರಡು ವರ್ಷದ ಮೇಲೆ ನಿಮಗೆ ನಡುರಾತ್ರಿ ಹೊಟ್ಟೆಯ ಬಲಭಾಗದಲ್ಲಿ ನೋವು, ಜ್ವರ, ವಾಂತಿ. ಅದೇ ಆಸ್ಪತ್ರೆಯ ತುರ್ತು ಘಟಕದಲ್ಲಿ ವೈದ್ಯರು ನಿಮ್ಮ ನಂಬರು ಹಾಕಿ ಹಳೆಯ ದಾಖಲೆ ತೆರೆಯುತ್ತಾರೆ. ‘ಅಪೆಂಡಿಕ್ಸ್ ಮೊದಲೇ ತೆಗೆದಿದೆ’ ಎಂದು ಅಲ್ಲಿದೆ. ಹೊಟ್ಟೆಯ ಮೇಲೆ ಗಾಯದ ಗುರುತು ಇಲ್ಲದಿರುವುದನ್ನು ಯಾರಾದರೂ ಗಮನಿಸುವವರೆಗೆ ಬೇರೆ ಕಾರಣ ಹುಡುಕುತ್ತಾ ಹೊತ್ತು ಹೋಗುತ್ತದೆ. ಅಪೆಂಡಿಕ್ಸ್ ಒಡೆಯಲು ಅಷ್ಟು ಹೊತ್ತು ಸಾಕಾಗಬಹುದು.

ರಕ್ತದ ಗುಂಪು ತಪ್ಪಾಗಿದ್ದರೆ ಬ್ಲಡ್ ಬ್ಯಾಂಕಿನಲ್ಲಿ ರಕ್ತ ಕೊಡುವ ಮೊದಲು ಗುಂಪು ನೋಡಿ, ಕ್ರಾಸ್ ಮ್ಯಾಚ್ (ಎರಡೂ ರಕ್ತ ಹೊಂದುತ್ತವೆಯೇ ಎಂಬ ಪರೀಕ್ಷೆ) ಮಾಡುವುದರಿಂದ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಅಲರ್ಜಿ ಹಾಗಲ್ಲ. ನಿಮಗೆ ಪೆನಿಸಿಲಿನ್ ಆಗುವುದಿಲ್ಲ, ನಿಮ್ಮ ಹೆಸರಿನಲ್ಲಿ ಮಲಗಿದ್ದವರಿಗೆ ಆಗುತ್ತಿತ್ತು. ಆಗ ಫೈಲಿನಲ್ಲಿ ‘ಅಲರ್ಜಿ ಇಲ್ಲ’ ಎಂದೇ ಇರುತ್ತದೆ. ನೀವು ಪ್ರಜ್ಞೆಯಲ್ಲಿ ಇಲ್ಲದಿದ್ದರೆ ಅದನ್ನು ತಿದ್ದಿ ಹೇಳುವವರು ಯಾರೂ ಇರುವುದಿಲ್ಲ.

ಖಾಸಗಿ ವಿಮೆ ಇರುವವರಿಗೆ ಇನ್ನೊಂದು ಪೆಟ್ಟು. ದಾಖಲೆಯಲ್ಲಿ ಹಳೆಯ ಬಿಪಿ, ಶುಗರ್ ಕಂಡರೆ ‘ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ’ ಎಂದು ಕ್ಲೇಮು ತಿರಸ್ಕರಿಸುತ್ತಾರೆ. ಈಗಿನ ನಿಯಮದಂತೆ ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ, ಮೋಸ ಸಾಬೀತಾದ ಹೊರತು, ಆ ಕಾರಣ ಹೇಳಿ ತಳ್ಳಿಹಾಕುವಂತಿಲ್ಲ. ಅದಕ್ಕಿಂತ ಹೊಸ ಪಾಲಿಸಿಯವರು ಹೆಚ್ಚು ಎಚ್ಚರವಾಗಿರಬೇಕು.

ಕಳವು ಅಂತ ಅನ್ನಿಸದ ಕಳವು

ಕಾರ್ಡು ಎರವಲು ಕೊಡುವುದು ನಮ್ಮ ಊರುಗಳಲ್ಲಿ ಕಳವು ಅಂತ ಯಾರಿಗೂ ಅನ್ನಿಸುವುದಿಲ್ಲ. ‘ಪಾಪ, ಅವರ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿದೆ, ನಮ್ಮದು ಹೇಗೂ ಸುಮ್ಮನೆ ಇದೆಯಲ್ಲ’ ಎಂದು ಷಡ್ಡಕನಿಗೋ ಪಕ್ಕದ ಮನೆಯವರಿಗೋ ವಿಮೆ ಕಾರ್ಡು, ಯಶಸ್ವಿನಿ ಕಾರ್ಡು ಕೊಡುತ್ತೇವೆ. ಮನಸ್ಸು ಒಳ್ಳೆಯದೇ. ಆದರೆ ಅವರ ಕಾಯಿಲೆ ನಿಮ್ಮ ಹೆಸರಿಗೆ ಬರೆದಾಗುತ್ತದೆ, ಮತ್ತು ಕಾನೂನಿನ ಕಣ್ಣಿಗೆ ಇಬ್ಬರೂ ತಪ್ಪಿತಸ್ಥರೇ. ಬೇರೆಯವರ ಹೆಸರು ಹೇಳಿ ವಂಚಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 319ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಸೆರೆವಾಸವಿದೆ. ಅವರಿಗೆ ನಿಜವಾದ ಸಹಾಯ ಮಾಡಬೇಕೆಂದರೆ ಜೊತೆಗೆ ಹೋಗಿ ಪಡಿತರ ಚೀಟಿಗೆ ಹೆಸರು ಸೇರಿಸಿ, ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಅವರದೇ ಕಾರ್ಡು ಮಾಡಿಸಿಕೊಡಿ. ಎಪಿಎಲ್ ಆಗಿದ್ದರೂ ಶೇ 30 ಸಿಗುತ್ತದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಉಳಿದ ದಾರಿಗಳು: ಊರಿಗೆ ಬರುವ ಉಚಿತ ತಪಾಸಣಾ ಶಿಬಿರದಲ್ಲಿ ಆಧಾರ್ ಝೆರಾಕ್ಸ್, ಪಡಿತರ ಚೀಟಿ, ಹೆಬ್ಬೆಟ್ಟು ಮೂರನ್ನೂ ಒಟ್ಟಿಗೆ ಪಡೆಯುವುದು, ‘ಆಯುಷ್ಮಾನ್ ಕಾರ್ಡು ನವೀಕರಿಸಬೇಕು’ ಎಂದು ಫೋನ್ ಮಾಡಿ ಒಟಿಪಿ ಕೇಳುವುದು ಅಥವಾ ವಾಟ್ಸಾಪಿನಲ್ಲಿ ಆ್ಯಪ್ ಫೈಲು ಕಳಿಸುವುದು, ಆಸ್ಪತ್ರೆಯ ಒಳಗಿನವರೇ ಹಳೆಯ ರೋಗಿಯ ವಿವರ ಬಳಸಿ ಕೊಡದ ಚಿಕಿತ್ಸೆಗೆ ಬಿಲ್ ಹಾಕುವುದು. ಕೊನೆಯದು ರೋಗಿಯ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಮೊಬೈಲ್ ನಂಬರು

ಇದೆಲ್ಲದರ ಚಿಲಕ ಎಂದರೆ ಕಾರ್ಡಿಗೆ ಜೋಡಿಸಿದ ಮೊಬೈಲ್ ನಂಬರು. 2023ರಲ್ಲಿ ಮಹಾಲೇಖಪಾಲರು ಆಯುಷ್ಮಾನ್ ಯೋಜನೆಯ ಬಗ್ಗೆ ಸಂಸತ್ತಿಗೆ ಕೊಟ್ಟ ವರದಿಯಲ್ಲಿ 9999999999 ಎಂಬ ಒಂದೇ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಜೋಡಣೆಯಾಗಿದ್ದರು. ನೋಂದಣಿ ಮಾಡುವವರು ಬೇಗ ಮುಗಿಸಲು ಏನೋ ಒಂದು ನಂಬರು ಒತ್ತಿದರೆ ಹೀಗಾಗುತ್ತದೆ. ನಿಮ್ಮ ನಂಬರು ಅಲ್ಲಿಲ್ಲದಿದ್ದರೆ ನಿಮ್ಮ ಹೆಸರಿನಲ್ಲಿ ದಾಖಲಾತಿ ಆದ ಸುದ್ದಿ ನಿಮಗೆ ಬರುವ ದಾರಿಯೇ ಇಲ್ಲ.

ಇನ್ನೊಂದು ತೊಡಕು ಹಳೆಯ ಸಿಮ್ಮಿನದು. ರೀಚಾರ್ಜ್ ಮಾಡದೆ ಬಿಟ್ಟು ಕಡಿತವಾದ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಧಾರಿನಲ್ಲಿ ಆ ನಂಬರೇ ಉಳಿದಿದ್ದರೆ ನಿಮ್ಮ ಒಟಿಪಿ ಯಾರದೋ ಜೇಬಿಗೆ ಹೋಗುತ್ತದೆ. ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಆಧಾರ್ ಕೇಂದ್ರಕ್ಕೋ ಆಧಾರ್ ಸೇವೆ ಇರುವ ಅಂಚೆ ಕಚೇರಿಗೋ ಹೋಗಿ ಈಗ ಬಳಸುವ ನಂಬರು ಹಾಕಿಸಿ. ಇಮೇಲ್ ಇದ್ದರೆ ಅದನ್ನೂ ಸೇರಿಸಿ, ಆಧಾರ್ ಎಲ್ಲಾದರೂ ಬಳಕೆಯಾದಾಗ ಸೂಚನೆ ಬರುತ್ತದೆ. ಆಮೇಲೆ ಆಯುಷ್ಮಾನ್ ಆ್ಯಪಿನಲ್ಲಿ ಅಥವಾ ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಮೇಜಿನ ಮುಂದೆ ನಿಮ್ಮ ಕುಟುಂಬದ ಕಾರ್ಡು ತೆರೆಸಿ ಮೂರು ವಿಷಯ ನೋಡಿ: ಯಾವ ನಂಬರು ಇದೆ, ಯಾರ್ಯಾರ ಹೆಸರಿದೆ, ಈ ವರ್ಷದ ಮೊತ್ತದಲ್ಲಿ ಎಷ್ಟು ಉಳಿದಿದೆ. ಪರಿಚಯವಿಲ್ಲದ ಹೆಸರೊಂದು ನಿಮ್ಮ ಕುಟುಂಬಕ್ಕೆ ಸೇರಿಕೊಂಡಿದ್ದರೆ ಅದೇ ಮೊದಲ ಸುಳಿವು. ಮನೆಯಲ್ಲಿ ಯಾರೂ ಆಸ್ಪತ್ರೆಗೆ ಹೋಗದ ವರ್ಷ ಮೊತ್ತ ಕಡಿಮೆಯಾಗಿದ್ದರೆ ಎರಡನೆಯದು.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ನಿಮ್ಮದಲ್ಲದ್ದನ್ನು ಅಲ್ಲೇ ‘ನನ್ನ ನಂಬರಲ್ಲ’ ಎಂದು ಗುರುತು ಮಾಡಿ.

ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಕೊಟ್ಟು ಪಡಿತರ ಚೀಟಿಯಿಂದ ಹೆಸರು ತೆಗೆಸಿ. ಮಹಾಲೇಖಪಾಲರ ಅದೇ ವರದಿಯಲ್ಲಿ ತೀರಿಹೋದವರೆಂದು ದಾಖಲಾದ ರೋಗಿಗಳ ಹೆಸರಿನಲ್ಲೂ ಮತ್ತೆ ಚಿಕಿತ್ಸೆಯ ಕ್ಲೇಮುಗಳು ಬಂದಿದ್ದವು. ದುಃಖದ ನಡುವೆ ಈ ಕೆಲಸ ಹಿಂದೆ ಬೀಳುವುದು ಸಹಜ, ಆದರೆ ತಿಥಿ ಕಾರ್ಯ ಮುಗಿದ ಮೇಲಾದರೂ ಮಾಡಿ.

ಆಧಾರ್ ಝೆರಾಕ್ಸ್ ಕೊಡುವ ರೀತಿ

ಆಸ್ಪತ್ರೆಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಪ್ರತಿ ತೆಗೆಸಿ, ಎರಡು ಕೊಟ್ಟು, ಉಳಿದೆರಡನ್ನು ಬೆಂಚಿನ ಮೇಲೆ ಬಿಟ್ಟು ಬರುವವರೇ ಹೆಚ್ಚು. ಎಷ್ಟು ಕೇಳುತ್ತಾರೋ ಅಷ್ಟೇ ತೆಗೆಸಿ. ಗುರುತಿಗೆ ಮಾತ್ರ ಕೇಳುವ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಮೈಆಧಾರ್ ಜಾಲತಾಣದಿಂದ ಇಳಿಸಿಕೊಳ್ಳುವಾಗ ಆ ಆಯ್ಕೆ ಇರುತ್ತದೆ. 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಪಿಡಿಎಫ್ ತೆರೆಯುವ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ.

ಪೂರ್ತಿ ಪ್ರತಿಯನ್ನೇ ಕೊಡಬೇಕಾದರೆ ಅದರ ಮೇಲೆ ಬರೆದು ಕೊಡಿ. ಬರೆಯುವುದು ಅಂಚಿನ ಖಾಲಿ ಜಾಗದಲ್ಲಲ್ಲ. ಅಲ್ಲಿ ಬರೆದದ್ದನ್ನು ಮಡಚಿ ಮತ್ತೊಮ್ಮೆ ಝೆರಾಕ್ಸ್ ಮಾಡಿದರೆ ಮಾಯ. ನೀಲಿ ಶಾಯಿಯಲ್ಲಿ, ಭಾವಚಿತ್ರದ ಕೆಳ ಅಂಚಿನಿಂದ ವಿಳಾಸದವರೆಗೆ ಓರೆಯಾಗಿ, ಮುಖವೂ ಹೆಸರೂ ಮುಚ್ಚಿಹೋಗದಂತೆ ಬರೆಯಿರಿ: ‘ಇಂಥ ಆಸ್ಪತ್ರೆಯ ಒಳರೋಗಿ ದಾಖಲಾತಿಗೆ ಮಾತ್ರ, ದಿನಾಂಕ ಇಷ್ಟು’. ಕೆಳಗೆ ಸಹಿ, ಅರ್ಧ ಭಾವಚಿತ್ರದ ಮೇಲೆ, ಅರ್ಧ ಕಾಗದದ ಮೇಲೆ. ನೀಲಿಯೇ ಏಕೆಂದರೆ ಪ್ರತಿಯ ಪ್ರತಿ ತೆಗೆದಾಗ ಅದು ಕಪ್ಪಾಗುತ್ತದೆ, ಯಾವುದು ನೀವು ಕೊಟ್ಟದ್ದು ಎಂದು ನಂತರ ಹೇಳಬಹುದು.

ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಆಧಾರಿನಲ್ಲಿದೆ. ಆದರೆ ಇದನ್ನು ಎಲ್ಲರಿಗೂ ಒಂದೇ ಸಮ ಹೇಳುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಬೀಗ ಹಾಕಿದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಹಿಡಿಯುವುದಿಲ್ಲ, ಆಸ್ಪತ್ರೆಯಲ್ಲಿ ದಾಖಲಾಗುವಾಗಲೂ ಹಿಡಿಯುವುದಿಲ್ಲ. ಆಧಾರ್ ಆ್ಯಪಿನಲ್ಲಿ ತಾತ್ಕಾಲಿಕವಾಗಿ ತೆರೆದರೆ 10 ನಿಮಿಷ ಮಾತ್ರ ತೆರೆದಿರುತ್ತದೆ. ಸ್ಮಾರ್ಟ್‌ಫೋನ್ ಬಳಸಿ ರೂಢಿ ಇರುವವರಿಗೆ ಇದು ಒಳ್ಳೆಯದು. ಒಂಟಿಯಾಗಿರುವ ಅಜ್ಜಿಗೆ ಬೀಗ ಹಾಕಿಸಿಕೊಟ್ಟರೆ ಅಕ್ಕಿಯೇ ಬರದೆ ಹೋದೀತು. ಅಂಥವರಿಗೆ ಮಕ್ಕಳೋ ಮೊಮ್ಮಕ್ಕಳೋ ಎರಡು ತಿಂಗಳಿಗೊಮ್ಮೆ ಆಧಾರ್ ದೃಢೀಕರಣದ ಇತಿಹಾಸ ನೋಡಿಕೊಟ್ಟರೆ ಸಾಕು. ಹಿಂದಿನ 6 ತಿಂಗಳಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಬೆರಳಿಂದಲೋ ಒಟಿಪಿಯಿಂದಲೋ, ಯಾವ ಸಂಸ್ಥೆ ಬಳಸಿದೆ ಎಂದು ಅದರಲ್ಲಿ ಸಾಲುಸಾಲಾಗಿ ಬರುತ್ತದೆ. ಒಮ್ಮೆಗೆ 50 ದಾಖಲೆ ಮಾತ್ರ ಕಾಣುವುದರಿಂದ ಹೆಚ್ಚು ದಿನ ಬಿಡಬೇಡಿ. ಅನುಮಾನ ಬಂದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ.

ಶಿಬಿರಗಳ ವಿಷಯ. ಬಿಪಿ, ಶುಗರ್ ನೋಡಲು ಹೆಬ್ಬೆಟ್ಟು ಬೇಕಾಗಿಲ್ಲ. ಹೆಸರು, ವಯಸ್ಸು, ಫೋನ್ ನಂಬರು ಸಾಕು. ಕಣ್ಣಿನ ಪೊರೆ ತೆಗೆಸಲು ಬಸ್ಸಿನಲ್ಲಿ ಕರೆದೊಯ್ಯುವ ಶಿಬಿರವಾದರೆ ಯಾವ ಆಸ್ಪತ್ರೆ, ಯಾವ ಯೋಜನೆ ಎಂದು ಬರವಣಿಗೆಯಲ್ಲಿ ಕೇಳಿ, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತೋರಿಸಿ. ಯಂತ್ರದಲ್ಲಿ ‘ಬೆರಳು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಇಡಿ’ ಎಂದರೆ ಪರದೆಯ ಮೇಲೆ ಏನು ಬಂತು ಎಂದು ನೋಡಿಯೇ ಮತ್ತೆ ಇಡಿ.

ಡಿಸ್ಚಾರ್ಜ್ ಆದ ದಿನ ಓದಬೇಕಾದ ಕಾಗದ

ಮನೆಗೆ ಹೊರಡುವ ಆತುರದಲ್ಲಿ ಡಿಸ್ಚಾರ್ಜ್ ಸಮ್ಮರಿಯನ್ನು ಓದದೆ ಕವರಿಗೆ ಹಾಕಿಬಿಡುತ್ತೇವೆ. ಕೌಂಟರಿನ ಮುಂದೆಯೇ ನಿಂತು ಓದಿ. ತಪ್ಪು ಆಗಲೇ ಸಿಕ್ಕರೆ ತಿದ್ದುವುದು ಹತ್ತು ನಿಮಿಷದ ಕೆಲಸ, ಆರು ತಿಂಗಳು ಬಿಟ್ಟರೆ ಹತ್ತು ಸಲ ಅಲೆಯುವ ಕೆಲಸ. ಮೇಲ್ಭಾಗದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ಆಸ್ಪತ್ರೆಯ ರೋಗಿ ಸಂಖ್ಯೆ, ಒಳರೋಗಿ ಸಂಖ್ಯೆ ನೋಡಿ. ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರು ಒಂದೇ ವಾರ್ಡಿನಲ್ಲಿ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಎಷ್ಟೋ ಸಲ ಕಳವಲ್ಲ, ಬರೀ ಫೈಲು ಅದಲು ಬದಲು. ಆಮೇಲೆ ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ, ಕಾಯಿಲೆಯ ಹೆಸರು, ಮಾಡಿದ ಶಸ್ತ್ರಚಿಕಿತ್ಸೆ, ರಕ್ತದ ಗುಂಪು, ಅಲರ್ಜಿ.

ಸ್ಟೆಂಟ್ ಹಾಕಿದ್ದರೆ, ಕಣ್ಣಿಗೆ ಲೆನ್ಸ್ ಇಟ್ಟಿದ್ದರೆ ಅದರ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೇಳಿ ಪಡೆಯಿರಿ. ಅದರಲ್ಲಿ ಕಂಪನಿ, ಅಳತೆ, ಸೀರಿಯಲ್ ಅಥವಾ ಲಾಟ್ ನಂಬರು ಇರುತ್ತದೆ. ಎರಡು ಸ್ಟೆಂಟಿಗೆ ಬಿಲ್ ಆಗಿ ಒಂದೇ ಸ್ಟಿಕ್ಕರ್ ಇದ್ದರೆ ಕೇಳುವ ಹಕ್ಕು ನಿಮಗಿದೆ. ಯೋಜನೆಯಡಿ ಚಿಕಿತ್ಸೆಯಾಗಿದ್ದರೆ ಯಾವ ಪ್ಯಾಕೇಜಿಗೆ ಎಷ್ಟು ಹಣ ಹಾಕಿದ್ದಾರೆ ಎಂದು ಆರೋಗ್ಯ ಮಿತ್ರರಲ್ಲಿ ಕೇಳಿ, ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಆಭಾ ಸಂಖ್ಯೆ ಮಾಡಿಸಿದ್ದರೆ

ಆಭಾ ಎಂದರೆ ಕೇಂದ್ರ ಸರ್ಕಾರದ ಆರೋಗ್ಯ ಖಾತೆ. 14 ಅಂಕಿಯ ಈ ಸಂಖ್ಯೆ ವಿಮೆಯೂ ಅಲ್ಲ, ಹಣವೂ ಅಲ್ಲ. ದಾಖಲೆಗಳನ್ನು ಜೋಡಿಸುವ ದಾರ ಅಷ್ಟೇ. ಆಭಾ ಆ್ಯಪಿನಲ್ಲಿ ನಿಮ್ಮ ದಾಖಲೆ ನೋಡಲು ಯಾರು ಒಪ್ಪಿಗೆ ಕೇಳಿದ್ದಾರೆ, ನೀವು ಯಾರಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಇರುತ್ತದೆ. ಮುಗಿದ ಚಿಕಿತ್ಸೆಯ ಒಪ್ಪಿಗೆಗಳನ್ನು ಹಿಂದಕ್ಕೆ ಪಡೆಯಿರಿ. ನೀವು ಹೋಗದ ಆಸ್ಪತ್ರೆಯ ವರದಿ ಅಲ್ಲಿ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಆಭಾ ಸಹಾಯವಾಣಿ 14477ಕ್ಕೆ ಕರೆ ಮಾಡಿ.

ಕಳವು ಆಗಿದೆ ಎಂದು ಗೊತ್ತಾದಾಗ

ಮೊದಲ ದಿನವೇ ದಾಖಲೆಯ ಪ್ರತಿಗೆ ಅರ್ಜಿ ಹಾಕಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮದಂತೆ, ರೋಗಿ ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದೇ ನಿಯಮದಲ್ಲಿ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಎಂದಿದೆ. ಅಂದರೆ ತಡ ಮಾಡಿದಷ್ಟೂ ಸಾಕ್ಷಿ ಕೈತಪ್ಪಬಹುದು. ಬಾಯಲ್ಲಿ ಕೇಳಿದರೆ ‘ನಾಳೆ ಬನ್ನಿ’ ಆಗುತ್ತದೆ. ಹೀಗೆ ಬರೆದುಕೊಡಿ:

‘ಗೆ, ವೈದ್ಯಕೀಯ ಅಧೀಕ್ಷಕರು. ವಿಷಯ: ನನ್ನ ಹೆಸರಿನ ಚಿಕಿತ್ಸಾ ದಾಖಲೆಗಳ ಪ್ರತಿ ಮತ್ತು ತಿದ್ದುಪಡಿ ಬಗ್ಗೆ. ಮಾನ್ಯರೇ, ನನ್ನ ಹೆಸರು ಹಾಗೂ ಕಾರ್ಡ್ ಸಂಖ್ಯೆಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಿಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಆಗಿರುವುದಾಗಿ ದಾಖಲಾಗಿದೆ. ಆ ದಿನಗಳಲ್ಲಿ ನಾನು ಇಲ್ಲಿ ದಾಖಲಾಗಿರಲಿಲ್ಲ. ದಾಖಲಾತಿ ಅರ್ಜಿ, ಒಪ್ಪಿಗೆ ಪತ್ರ, ಭಾವಚಿತ್ರ, ಬಿಲ್ ಮತ್ತು ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಕೊಡಬೇಕು. ವಿಚಾರಣೆ ಮುಗಿಯುವವರೆಗೆ ಈ ದಾಖಲೆಗಳನ್ನು ಕಾಯ್ದಿರಿಸಬೇಕು. ಈ ಚಿಕಿತ್ಸೆ ನನಗೆ ಸೇರಿದ್ದಲ್ಲ ಎಂದು ನನ್ನ ಕಡತದಲ್ಲಿ ಟಿಪ್ಪಣಿ ಹಾಕಿ, ಅದನ್ನು ಪ್ರತ್ಯೇಕಿಸಬೇಕು.’

ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ‘ಅಳಿಸಿಹಾಕಿ’ ಎಂದು ಬರೆಯಬೇಡಿ. ಅಳಿಸಿದರೆ ಅಪರಾಧದ ಸಾಕ್ಷಿಯೇ ಹೋಗುತ್ತದೆ. ಅದು ನಿಮ್ಮದಲ್ಲ ಎಂಬ ಟಿಪ್ಪಣಿ ಮತ್ತು ಪ್ರತ್ಯೇಕ ಕಡತ ಬೇಕಾಗಿರುವುದು. ಅರ್ಜಿಯ ಜೊತೆ ಆ ದಿನಗಳಲ್ಲಿ ನೀವು ಬೇರೆಡೆ ಇದ್ದದ್ದಕ್ಕೆ ಏನಾದರೂ ಸೇರಿಸಿ: ಕಾರ್ಖಾನೆಯ ಹಾಜರಿ, ಹಾಲಿನ ಡೇರಿಗೆ ಹಾಲು ಹಾಕಿದ ಪುಸ್ತಕ, ನರೇಗಾ ಹಾಜರಿ, ಬೇರೆ ಊರಿನ ಎಟಿಎಂ ಚೀಟಿ. ಡೇರಿ ಪುಸ್ತಕದಲ್ಲಿ ಬೆಳಿಗ್ಗೆ ಸಂಜೆ ದಿನಾಂಕ ಸಮೇತ ಇರುತ್ತದೆ, ಆದರೆ ಹಾಲು ಹಾಕಿದ್ದು ನೀವೇ ಎಂದು ಹೇಳಲು ಡೇರಿಯ ಕಾರ್ಯದರ್ಶಿಯಿಂದ ಒಂದು ಪತ್ರವನ್ನೂ ಪಡೆದುಕೊಳ್ಳಿ.

ಸರ್ಕಾರಿ ಆಸ್ಪತ್ರೆಯಾಗಿದ್ದು ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಕಥೆ ಬರೆಯದೆ ಬೇಕಾದ ಕಾಗದಗಳ ಪಟ್ಟಿ ಮಾತ್ರ ಬರೆಯಿರಿ. ಖಾಸಗಿ ಆಸ್ಪತ್ರೆಯಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಯೋಜನೆಯ ಹಣ ಹೋಗಿದ್ದರೆ ಸಹಾಯವಾಣಿ 14555 ಅಥವಾ 104ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ಜೊತೆಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೂ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೂ ಲಿಖಿತವಾಗಿ ಕೊಡಿ. ಕರೆಯೊಂದನ್ನೇ ನಂಬಿ ಕೂತರೆ ದೂರು ಮುಂದೆ ಹೋಗಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಪೊಲೀಸ್ ದೂರು ಬೇಕೇ ಬೇಕು. ವಿಮೆ ಕಂಪನಿ, ಟ್ರಸ್ಟ್, ಬ್ಯಾಂಕು ಎಲ್ಲರೂ ಎಫ್‌ಐಆರ್ ಪ್ರತಿ ಕೇಳುತ್ತಾರೆ. ಒಟಿಪಿ ಮೋಸ ಅಥವಾ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಉಳಿದಂತೆ ಹತ್ತಿರದ ಠಾಣೆ ಅಥವಾ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. ಘಟನೆ ಮೈಸೂರಿನ ಆಸ್ಪತ್ರೆಯಲ್ಲಿ ಆಗಿದ್ದು ನೀವು ಪಾಂಡವಪುರದಲ್ಲಿದ್ದರೆ ‘ಅಲ್ಲಿಗೇ ಹೋಗಿ’ ಎನ್ನುವಂತಿಲ್ಲ. ಝೀರೋ ಎಫ್‌ಐಆರ್ ದಾಖಲಿಸಿ ಅವರೇ ವರ್ಗಾಯಿಸಬೇಕು. ದೂರಿನಲ್ಲಿ ನ್ಯಾಯ ಸಂಹಿತೆಯ 319 ಮತ್ತು, ಒಟಿಪಿ, ಪಾಸ್‌ವರ್ಡ್ ಅಥವಾ ಬೆರಳಚ್ಚು ದುರ್ಬಳಕೆಯಾಗಿದ್ದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಎಂದು ನಮೂದಿಸಿ. ತೆಗೆದುಕೊಳ್ಳದಿದ್ದರೆ ಮಂಡ್ಯದಲ್ಲಿ ಜಿಲ್ಲಾ ಎಸ್‌ಪಿಗೆ, ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ.

ಖಾಸಗಿ ವಿಮೆಯವರು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು, ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮೆ ದೂರು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಆದರೆ ಒಂದು ವರ್ಷದೊಳಗೆ ಹೋಗಬೇಕು. ನಿಮ್ಮ ಹೆಸರಿನಲ್ಲಿ ಚಿಕಿತ್ಸೆಗೆ ಸಾಲ ಎತ್ತಿರುವ ಅನುಮಾನವಿದ್ದರೆ ನಿಮ್ಮ ಸಾಲಗಳ ವಿವರವಿರುವ ಸಿಬಿಲ್ ವರದಿ ತೆಗೆಸಿ. ವರ್ಷಕ್ಕೊಮ್ಮೆ ಉಚಿತ. ತಪ್ಪು ತೋರಿಸಿಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ.

ತಿದ್ದುಪಡಿ ಆಯಿತು ಎಂಬ ಪತ್ರ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆ ಆಸ್ಪತ್ರೆಯಿಂದ ಬೇರೆ ಕಡೆಗೆ ಹೋದ ಪ್ರತಿಗಳು, ಅಂದರೆ ರೆಫರ್ ಮಾಡಿದ ಆಸ್ಪತ್ರೆ, ಲ್ಯಾಬು, ವಿಮೆ ಕಂಪನಿಯ ಏಜೆನ್ಸಿ, ತಾವಾಗಿ ಬದಲಾಗುವುದಿಲ್ಲ. ಪತ್ರದ ಪ್ರತಿಯನ್ನು ಒಂದೊಂದಕ್ಕೂ ನೀವೇ ತಲುಪಿಸಬೇಕು. ಮೂರು ತಿಂಗಳು ಬಿಟ್ಟು ಒಮ್ಮೆ ಹೋಗಿ ಹೊರರೋಗಿ ಚೀಟಿ ಮಾಡಿಸಿ, ವೈದ್ಯರ ಪರದೆಯ ಮೇಲೆ ನಿಮ್ಮ ಹಳೆಯ ಕಾಯಿಲೆಗಳ ಪಟ್ಟಿಯಲ್ಲಿ ಏನು ಬರುತ್ತದೆ ಎಂದು ಓದಿ ಹೇಳಲು ಕೇಳಿ. ಅಲ್ಲಿಯವರೆಗೆ ಒಂದು ಕಾಗದದಲ್ಲಿ ನಿಮ್ಮ ರಕ್ತದ ಗುಂಪು, ಅಲರ್ಜಿ, ನಿಜವಾಗಿ ಆಗಿರುವ ಆಪರೇಷನ್ನುಗಳು, ಈಗ ನುಂಗುವ ಮಾತ್ರೆಗಳು, ಮನೆಯವರ ಫೋನ್ ನಂಬರು ಬರೆದು ಆಧಾರ್ ಇಡುವ ಪರ್ಸಿನಲ್ಲೇ ಮಡಚಿಡಿ, ಮೇಲೆ ‘ಆಸ್ಪತ್ರೆಯ ಹಳೆಯ ದಾಖಲೆಯಲ್ಲಿ ತಪ್ಪಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದು.